ಪ್ಲಸ್ ಇಪ್ಪತ್ನಾಲ್ಕು ಎಂಬ ಅಂಕಿ ಹಾಗೂ ಒಂದು ನಿಂಬೆಹಣ್ಣಿನ ಬಗ್ಗೆ

ಸಂಖ್ಯೆ: ವಾಹನ/ಗಾಳಿ/24/2024-25
ಮಳವಳ್ಳಿ, ದಿನಾಂಕ: 18-11-2024

ಸುತ್ತೋಲೆ

ವಿಷಯ: ಕಚೇರಿಯ ಪೆಟ್ರೋಲ್ ಕಾರಿನ ಸ್ಕ್ಯಾನರ್ ತೋರಿಸುವ ಅಂಕಿಗಳನ್ನು ಓದುವ ಬಗ್ಗೆ, ಓದಲು ಬಾರದೆ ಹೊರಡಿಸಿದ ಆದೇಶಗಳನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ:
1) ಚಾಲಕ ಶ್ರೀ ಚಿಕ್ಕಮಾದು ಅವರಿಗೆ ಪೆಟ್ರೋಲ್ ಕಳವಿನ ಬಗ್ಗೆ ನೀಡಿದ ಕಾರಣ ಕೇಳುವ ನೋಟಿಸು, ದಿ. 28-10-2024.
2) ಸದರಿಯವರ ಮೌಖಿಕ ಉತ್ತರ, ಅದೇ ದಿನ, ಜಗಲಿಯಲ್ಲಿ, ಗಟ್ಟಿಯಾಗಿ.
3) ಮದ್ದೂರಿನ ಮೆಕ್ಯಾನಿಕ್ ಶ್ರೀ ಬಾಬು ಜಾನ್ ಅವರ ನಗು, ದಿ. 14-11-2024.

* * *

ಮೇಲ್ಕಂಡ ವಿಷಯ ಟೀ ಅಂಗಡಿಯ ಮೂಲಕ ಸಮಸ್ತ ಸಿಬ್ಬಂದಿಗೆ ಈಗಾಗಲೇ ತಲುಪಿರುವುದರಿಂದ, ಕಚೇರಿಯ ಮೂಲಕವೂ ತಲುಪಿಸುವುದು ಅನಿವಾರ್ಯವಾಗಿದೆ.

1. ದಸರಾ ಕಳೆದ ಮೇಲೆ ಕಾರು ನಿಂತಲ್ಲೇ ನಡುಗತೊಡಗಿ, ಎಂಜಿನ್ ದೀಪ ಹತ್ತಿಕೊಂಡಿರುತ್ತದೆ. ಕಚೇರಿ ಮುಖ್ಯಸ್ಥ ಶ್ರೀ ಜಯಪ್ರಕಾಶ್ (ಮುಂದೆ 'ಕೆಳಗೆ ಸಹಿ ಮಾಡಿರುವವರು') ಎಂಜಿನ್ನಿನ ದೋಷ ತೋರಿಸುವ ಒಂದು ಸ್ಕ್ಯಾನರ್ ತರಿಸಿ, ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ನೋಡಿ, ಅದರಲ್ಲಿ ಒಂದು ನಿಮಿಷ ಜಾಹೀರಾತಾಗಿದ್ದಾಗ್ಯೂ, ಪರಿಣತಿ ಪಡೆದಿರುತ್ತಾರೆ.

2. 'ಫ್ಯೂಯೆಲ್ ಟ್ರಿಮ್' (ಪೆಟ್ರೋಲ್ ಹೆಚ್ಚು-ಕಡಿಮೆ ಮಾಡುವ ಲೆಕ್ಕ) ಎಂಬಲ್ಲಿ ಪ್ಲಸ್ ಇಪ್ಪತ್ನಾಲ್ಕು ಕಂಡಿರುತ್ತದೆ. ಪ್ಲಸ್ ಎಂದರೆ ಹೆಚ್ಚುವರಿ, ಹೆಚ್ಚುವರಿ ಎಂದರೆ ಯಾರದೋ ಮನೆಗೆ, ಯಾರದೋ ಎಂದರೆ ಚಾಲಕನದು ಎಂದು ಕೆಳಗೆ ಸಹಿ ಮಾಡಿರುವವರು ಮೂರೇ ಮೆಟ್ಟಿಲಲ್ಲಿ ತೀರ್ಮಾನಕ್ಕೆ ಏರಿ, ಕೀ ಕಿತ್ತುಕೊಂಡು, ನೋಟಿಸನ್ನು ಬೋರ್ಡಿಗೆ ಅಂಟಿಸಿ, ಶ್ರೀ ಚಿಕ್ಕಮಾದು ಅವರನ್ನು ಟಪಾಲು ವಿಭಾಗದಲ್ಲಿ ಗೋಂದಿನ ಬಾಟಲಿಯ ಪಕ್ಕ ಕೂರಿಸಿರುತ್ತಾರೆ. ಸದರಿಯವರ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಅತ್ತೊಂಬತ್ತು ವರ್ಸದಿಂದ ಈ ಆಪೀಸಿನ ಸ್ಟೇರಿಂಗ್ ಇಡ್ದಿವ್ನಿ ಸಾ. ನಾನು ಪೆಟ್ರೋಲ್ ಕುಡಿಯೋ ಅಂಗಿದ್ರೆ ನಮ್ಮವ್ವ ಆಲ್ಯಾಕೆ ಕುಡುಸ್ತಿದ್ಲು?"

3. ಅದೇ ಸ್ಕ್ಯಾನರಿನಲ್ಲಿ, ಹೊಗೆಯನ್ನು ಅಳೆಯುವ ಎರಡು ಆಕ್ಸಿಜನ್ ಸೆನ್ಸರುಗಳ ಪೈಕಿ ಎಂಜಿನ್ ಕಡೆಯ ಮುಂದಿನದರ ಗೆರೆ ಒಂದು ಕ್ಷಣವೂ ನಿಲ್ಲದೆ ಮೇಲೆ ಕೆಳಗೆ ಕುಣಿಯುತ್ತಿದ್ದುದನ್ನು ಅಶಿಸ್ತು ಎಂದು ಪರಿಗಣಿಸಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಅದು ಒಂದೇ ಮಟ್ಟದಲ್ಲಿ ಇರತಕ್ಕದ್ದೆಂದು ಆದೇಶಿಸಲಾಗಿತ್ತು. ಪಾಲಿಸದ ಕಾರಣ ಅದನ್ನು ಬದಲಾಯಿಸಲಾಯಿತು. ಹೊಸದೂ ಕುಣಿದಿರುತ್ತದೆ. ಅದನ್ನೂ ಬದಲಾಯಿಸಲಾಯಿತು.

4. ಹದಿನೇಳು ದಿನಗಳ ನಂತರ ಕೆಳಗೆ ಸಹಿ ಮಾಡಿರುವವರು ತಾವೇ ಕಾರು ಓಡಿಸಿಕೊಂಡು ಮದ್ದೂರಿಗೆ ಹೊರಟು, ಪ್ರತಿ ಹಂಪಿನಲ್ಲೂ ಎಂಜಿನ್ ಆಫ್ ಮಾಡಿಕೊಂಡು, ಕೆ.ಎಂ. ದೊಡ್ಡಿಯಲ್ಲಿ ಕಬ್ಬಿನ ಗಾಡಿಯವರಿಂದ ತಳ್ಳಿಸಿಕೊಂಡು ಗ್ಯಾರೇಜು ತಲುಪಿರುತ್ತಾರೆ. ಶ್ರೀ ಬಾಬು ಜಾನ್ ಸ್ಕ್ಯಾನರ್ ನೋಡಿ, ನೋಟಿಸಿನ ಕತೆ ಕೇಳಿ, ಉಲ್ಲೇಖ (3)ರಲ್ಲಿ ಕಂಡಂತೆ ನಕ್ಕು, ಹೀಗೆಂದಿರುತ್ತಾರೆ: "ಪ್ಲಸ್ ಅಂದ್ರೆ ಕದ್ದಿರೋದಲ್ಲ ಸಾರ್. ಎಲ್ಲೋ ಗಾಳಿ ಜಾಸ್ತಿ ನುಗ್ತಾ ಅದೆ, ಅದ್ಕೆ ಕಂಪ್ಯೂಟ್ರು ಪಾಪ ಪೆಟ್ರೋಲ್ ಜಾಸ್ತಿ ಬಡುಸ್ತಾ ಅದೆ. ಮುದ್ದೆ ದಪ್ಪ ಆದ್ರೆ ಸಾರು ಜಾಸ್ತಿ ಬೇಕಲ್ವಾ? ಎಕ್ಸಲೇಟರ್ ತುಳುದ್ರೆ ನಂಬರು ಇಳೀತದೆ, ಬುಟ್ರೆ ಏರ್ತದೆ, ನೋಡಿ. ಗಾಳಿದೇ ಆಟ." ಸೆನ್ಸರಿನ ಬಗ್ಗೆ: "ಅದು ಕುಣೀಬೇಕು ಸಾರ್. ನಿಂತೋದ್ರೆ ಸತ್ತೋಯ್ತು ಅಂತ. ಜೀವ ಇರೋದ್ನ ಎರಡು ಸಲ ಕಿತ್ತಾಕಿದ್ದೀರಲ್ಲ!"

5. ತದನಂತರ ಬಾನೆಟ್ ಎತ್ತಲಾಗಿ, ಎಂಜಿನ್ನಿಗೆ ಸೇರಿದ ಸಣ್ಣ ರಬ್ಬರ್ ಪೈಪೊಂದು ಬುಡದಿಂದ ಕಳಚಿ ಗಾಳಿ ಹೀರುತ್ತಿದ್ದು, ಅದಕ್ಕೆ ಒಣಗಿದ ಒಂದು ನಿಂಬೆಹಣ್ಣು ಮತ್ತು ಏಳು ಮೆಣಸಿನಕಾಯಿ ದಾರದಲ್ಲಿ ಜೋತಾಡುತ್ತಿದ್ದುದು ಕಂಡುಬಂದಿದೆ. "ಇದ್ಯಾವ ಪುಣ್ಯಾತ್ಮ ಪೈಪ್‌ಗೆ ಕಟ್ಟಿದ್ದು?" ಎಂಬ ಪ್ರಶ್ನೆಗೆ ಕೆಳಗೆ ಸಹಿ ಮಾಡಿರುವವರು ಆಕಾಶ ನೋಡಿರುತ್ತಾರೆ.

6. ಈ ಸಂಬಂಧ ಆಯುಧಪೂಜೆಯ ದಿನದ ಫೋಟೋವನ್ನು ಕಚೇರಿಯ ವಾಟ್ಸಾಪ್ ಗುಂಪಿನಿಂದ ಅಳಿಸಲು ತಡವಾಗಿರುತ್ತದೆ. ಅದರಲ್ಲಿ ಶ್ರೀ ಚಿಕ್ಕಮಾದು "ಬಂಪರ್‌ಗೆ ಕಟ್ಟವಾ ಸಾ" ಎನ್ನುತ್ತಿರುವುದೂ, "ದೃಷ್ಟಿ ತಾಗೋದು ಎಂಜಿನ್ನಿಗೆ ಕಣಯ್ಯ, ಬಂಪರಿಗಲ್ಲ" ಎಂದು ಕೆಳಗೆ ಸಹಿ ಮಾಡಿರುವವರು ದಾರ ಕಸಿದುಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿರುವುದೂ, ಪಂಚೆ ಸಮೇತ, ಸ್ಪಷ್ಟವಾಗಿದೆ. ಮಾತು ಫೋಟೋದಲ್ಲಿ ಕೇಳದಿದ್ದರೂ ಹನ್ನೊಂದು ಸಾಕ್ಷಿಗಳಿರುತ್ತಾರೆ.

7. ಆದ್ದರಿಂದ ಇನ್ನು ಮುಂದೆ ಎಲ್ಲರೂ ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:

(ಅ) ಎಂಜಿನ್ ಬಿಸಿಯಾಗುವ ಮುನ್ನ ಅಂಕಿ ಓದಬಾರದು. ಅಧಿಕಾರಿ ತಣ್ಣಗಾಗುವ ಮುನ್ನವೂ ಓದಬಾರದು.

(ಆ) ಟ್ರಿಮ್ ಸೊನ್ನೆಯ ಆಚೀಚೆ ಹತ್ತರೊಳಗಿದ್ದರೆ ಸುಮ್ಮನಿರುವುದು. ಪ್ಲಸ್ಸಿನಲ್ಲಿ ಹತ್ತು ದಾಟಿದರೆ ಮೊದಲು ಪೈಪು ಹುಡುಕುವುದು, ಕಳ್ಳನನ್ನಲ್ಲ.

(ಇ) ಮುಂದಿನ ಸೆನ್ಸರ್ ಕುಣಿಯಲು ಅನುಮತಿಸಲಾಗಿದೆ. ಸೈಲೆನ್ಸರ್ ಕಡೆಯ ಹಿಂದಿನ ಸೆನ್ಸರ್ ಹೆಚ್ಚುಕಡಿಮೆ ನೆಟ್ಟಗಿರುವುದೇ ಸರಿ. ಅದನ್ನು ತೋರಿಸಿ ಮುಂದಿನದಕ್ಕೆ ಬುದ್ಧಿ ಹೇಳಬಾರದು. ಕಿತ್ತುಹಾಕಿದ ಎರಡು ನಿರಪರಾಧಿ ಸೆನ್ಸರ್‌ಗಳನ್ನು ಕಾಗದ ಹಾರದಂತೆ ಇಡುವ ಹುದ್ದೆಗೆ ನೇಮಿಸಲಾಗಿದೆ.

(ಈ) ನಿಂಬೆಹಣ್ಣನ್ನು ಬಂಪರಿಗೆ ಮಾತ್ರ ಕಟ್ಟುವುದು. ರಬ್ಬರಿನ ಯಾವುದೇ ಭಾಗಕ್ಕೆ ಕಟ್ಟಬಯಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಹಾಗೂ ನಿಂಬೆಹಣ್ಣಿನ ತೂಕದ ಚೀಟಿ ಸಲ್ಲಿಸತಕ್ಕದ್ದು. ಮೂರಕ್ಕಿಂತ ಹೆಚ್ಚು ಹಣ್ಣಿದ್ದಲ್ಲಿ ಪಾನಕ ಮಾಡುವುದು.

(ಉ) ಮುಂದಿನ ಆಯುಧಪೂಜೆಯಂದು ಬಾನೆಟ್ಟಿನಿಂದ ಆರು ಅಡಿ ದೂರದಲ್ಲಿ ಸುಣ್ಣದ ಗೆರೆ ಎಳೆದು, ಕೆಳಗೆ ಸಹಿ ಮಾಡಿರುವವರನ್ನು ಅದರ ಆಚೆ ನಿಲ್ಲಿಸುವುದು.

8. ಪೈಪನ್ನು ಮತ್ತೆ ಸಿಕ್ಕಿಸಿ ಎರಡು ದಿನ ಓಡಿಸಿದ ಮೇಲೆ ಅಂಕಿ ಪ್ಲಸ್ ಎರಡಕ್ಕೆ ಇಳಿದಿದೆ. ಆದರೆ ಕೀ ವಾಪಸು ಕೊಡಲು ಹೋದಾಗ ಶ್ರೀ ಚಿಕ್ಕಮಾದು ಗೋಂದು ಹಚ್ಚುವುದನ್ನು ನಿಲ್ಲಿಸದೆ ಹೀಗೆಂದಿರುತ್ತಾರೆ: "ಕಳ್ಳ ಅಂತ ಕಾಗ್ದ ಬರ್ದು ಬೋರ್ಡ್‌ಗೆ ಅಂಟ್ಸುದ್ರಿ. ಇನ್‌ಕಂ ಸರ್ಟಿಫಿಕೇಟ್‌ಗೆ ಅಂತ ಬಂದಿದ್ದ ನನ್ ಮಗ್ಳು ಗಗನ ಅದ್ನ ಓದುದ್ಲು. ಓದ್ಬುಟ್ಟು ನನ್ ಮಕ ನೋಡ್ದಂಗೆ ಬಸ್ಸತ್ತುದ್ಲು. ತಪ್ಪಾಯ್ತು ಅನ್ನೋದೂ ಅದೇ ಬೋರ್ಡ್‌ಗೆ ಬರ್ಲಿ ಸಾ. ಅಲ್ಲೀಗಂಟ ಕೀ ನಿಮ್ತಾವೇ ಇರ್ಲಿ."

9. 'ತಪ್ಪಾಯ್ತು' ಎಂಬುದಕ್ಕೆ ಇಲಾಖೆಯಲ್ಲಿ ಮುದ್ರಿತ ನಮೂನೆ ಇರುವುದಿಲ್ಲ. ಬೀರು, ಕಪಾಟು, ಹಳೆಯ ಕಡತಗಳೆಲ್ಲವನ್ನೂ ಹುಡುಕಿಸಲಾಗಿದೆ. ಆದುದರಿಂದ ಉಲ್ಲೇಖ (1)ರ ನೋಟಿಸನ್ನು ರದ್ದುಪಡಿಸಿ, ಈ ಸುತ್ತೋಲೆಯನ್ನು ಅದರ ಮೇಲೆಯೇ, ನೋಟಿಸಿನ ಒಂದಕ್ಷರವೂ ಹೊರಗೆ ಕಾಣದಂತೆ, ಶ್ರೀ ಚಿಕ್ಕಮಾದು ಅವರೇ ಹಚ್ಚಿದ ಗೋಂದಿನಿಂದ ಅಂಟಿಸತಕ್ಕದ್ದು.

ಸಹಿ/-
(ಜಯಪ್ರಕಾಶ್)
ಕಚೇರಿ ಮುಖ್ಯಸ್ಥರು, ಮಳವಳ್ಳಿ
(ಸದ್ಯ ಖಾಸಗಿ ಬಸ್ಸಿನಲ್ಲಿ, ನಿಂತುಕೊಂಡು)

ಪ್ರತಿಗಳು:
1. ಮಂಡ್ಯದ ಮೇಲಧಿಕಾರಿಗಳಿಗೆ, ಕೇಳಿದರೆ ಮಾತ್ರ.
2. ಶ್ರೀ ಬಾಬು ಜಾನ್, ಮದ್ದೂರು. ಇನ್ನು ನಗು ನಿಲ್ಲಿಸಲು ಕೋರಿಕೆ.
3. ಟೀ ಅಂಗಡಿ, ಕಚೇರಿ ಎದುರು. ಅಲ್ಲಿ ಮೂಲಪ್ರತಿಯೇ ಇರುವುದರಿಂದ ಮಾಹಿತಿಗಾಗಿ.
4. ಕುಮಾರಿ ಗಗನ. ಮುಂದಿನ ಸಲ ಬಂದಾಗ ಬೋರ್ಡಿನ ಮುಂದೆ ನಿಂತು ಪೂರ್ತಿ ಓದಬೇಕಾಗಿ ವಿನಂತಿ.
5. ಶ್ರೀ ಚಿಕ್ಕಮಾದು, ಚಾಲಕರು. ತಪ್ಪಾಯ್ತು ಕಣಪ್ಪ. ಲಗತ್ತು: ಕೀ, ಒಂದು.