ಗೋಬರ್ ಗ್ಯಾಸೂ ನನ್ನ ಕುಳ್ಳಿನ ರಾಶಿಯೂ

ಮುದುಕಿಯೊಬ್ಬಳು ತನ್ನ ಮನೆಯಲ್ಲೇ ಕದ್ದರೆ ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಪಾಪ, ಮರೆವು ಎನ್ನುತ್ತಾರೆ. ನನಗೆ ಮರೆವು ಇಲ್ಲ. ನಾನು ಕದ್ದದ್ದು ಸಗಣಿ, ನಮ್ಮ ಮಾತಿನಲ್ಲಿ ಹೆಂಡಿ, ಅದೂ ನನ್ನದೇ ನಾಲ್ಕು ಎಮ್ಮೆಗಳದ್ದು. ನಮ್ಮೂರು ವಾಗದರಿಯಲ್ಲಿ ಸಗಣಿಗೂ ಕಾವಲಿಡುವ ಕಾಲ ಬರುತ್ತದೆಂದು ಯಾರಾದರೂ ನನ್ನ ಅತ್ತೆಗೆ ಹೇಳಿದ್ದರೆ, ಅದನ್ನೇ ಅವರ ಮುಖಕ್ಕೆ ಬಳಿದು ಕಳಿಸುತ್ತಿದ್ದಳು.

ಇದಕ್ಕೆಲ್ಲ ಕಾರಣ ಘಾಸಲೇಟ್. ಸೀಮೆಎಣ್ಣೆಗೆ ನಮ್ಮ ಕಡೆ ಹಾಗೆನ್ನುತ್ತೇವೆ. ಆ ವರ್ಷ ಎಲ್ಲೋ ಅರಬರ ದೇಶದಲ್ಲಿ ಜಗಳವಾಯಿತಂತೆ. ಇಲ್ಲಿ ಅಕ್ಕಲಕೋಟೆಯಲ್ಲಿ ನಾನು ಡಬ್ಬಿ ಹಿಡಿದು ಸಾಲಿನಲ್ಲಿ ನಿಂತೆ. ಅವರ ಜಗಳಕ್ಕೂ ನನ್ನ ಡಬ್ಬಿಗೂ ಏನು ಸಂಬಂಧವೆಂದು ಇವತ್ತಿಗೂ ಯಾರೂ ಬಿಡಿಸಿ ಹೇಳಿಲ್ಲ. ನನ್ನ ಮಗ ಮಲ್ಲಪ್ಪ ಮಾತ್ರ ಸೋಲಾಪುರಕ್ಕೆ ಹೋಗಿ ಗೋಬರ್ ಗ್ಯಾಸಿನ ಕೆಲಸ ಕಲಿತು ಬಂದ. ಗುಂಡಿ ತೋಡಿ, ಸಗಣಿಗೆ ಸಮ ನೀರು ಕಲಸಿ ಹಾಕಿ, ಮೇಲೆ ಕಬ್ಬಿಣದ ಟಾಕಿ ಬೋರಲು ಹಾಕಿದರೆ, ಗ್ಯಾಸ್ ತುಂಬಿ ಟಾಕಿ ಮೇಲೇಳುತ್ತದಂತೆ, ಒಲೆಗೆ ಬೆಂಕಿ ಬರುತ್ತದಂತೆ.

"ಯವ್ವಾ, ಮುಂದಿನ ಧಂದೆ ಇದ ಐತಿ. ಎಣ್ಣಿ ಇವತ್ತಲ್ಲ ನಾಳಿ ಮುಗೀತೈತಿ. ಹೆಂಡಿ ಮುಗಿಯೂದಿಲ್ಲ," ಅಂದ.

"ಎಮ್ಮಿ ಸತ್ರ?"

"ಅಪಶಕುನ ನುಡೀಬ್ಯಾಡ. ಪಾಟ್ಲಿ ಕೊಡು."

ಕೈಯಲ್ಲಿದ್ದ ಬಂಗಾರದ ಪಾಟ್ಲಿ ಬಿಚ್ಚಿ ಕೊಟ್ಟೆ. ಅದನ್ನು ಮಾರಿದ ದುಡ್ಡಿಗೆ ಟಾಕಿ ಬಂತು. ನಮ್ಮ ಒಲೆ ಉರಿದು ತೋರಿಸಿದರೆ ಸುತ್ತಲಿನ ಹಳ್ಳಿಗಳ ಗುಂಡಿ ಕೆಲಸವೆಲ್ಲ ಅವನಿಗೆ. ಉರಿಯದಿದ್ದರೆ ನನ್ನ ಬಂಗಾರ ಸಗಣಿಯಲ್ಲಿ.

ಆದರೆ ಗ್ಯಾಸ್ ನಂಬಿ ಕುಳ್ಳು-ಬೆರಣಿ ತಟ್ಟುವುದನ್ನು ಬಿಡಲಾದೀತೇ? ಪಾತ್ರೆ ತಿಕ್ಕಲು ಬೂದಿ ಎಲ್ಲಿಂದ ತರಲಿ? ದೀಪಾವಳಿ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಕೂಡಿಸುತ್ತೇವೆ. ಅವರನ್ನೇನು ಗ್ಯಾಸಿನಿಂದ ಮಾಡಲೇ? ದಿನಾ ಬೆಳಿಗ್ಗೆ ಎರಡು ಬುಟ್ಟಿ ಸಗಣಿ ಗಂಡಸರು ಕಾಲಿಡದ ಹಿತ್ತಲಿಗೆ ಸಾಗಿಸಿ ಕುಳ್ಳು ತಟ್ಟಿದೆ. ಗುಂಡಿಗೆ ಹೋಗುವ ಬಕೀಟು ಕಡಿಮೆಯಾಗಬಾರದೆಂದು ಅಷ್ಟೇ ನೀರು ಸೇರಿಸಿದೆ. ಹೇಳದೆ ಕೇಳದೆ ಬೀಗರು ಬಂದಾಗ ಮಜ್ಜಿಗೆಯನ್ನು ಹೀಗೇ ಬೆಳೆಸಿದ್ದೇನೆ, ಒಬ್ಬರೂ ದೂರಿಲ್ಲ.

"ಯಾಕೋ ಟಾಕಿ ಮ್ಯಾಲ ಏಳವಲ್ದು," ಎಂದು ಮಗ ತಲೆ ಕೆರೆದುಕೊಂಡ.

"ಥಂಡಿ ಐತಲ್ಲೋ," ಅಂದೆ. ಸೊಸೆ ಕಾಶಿಬಾಯಿ ಸಗಣಿ ಮೆತ್ತಿದ ನನ್ನ ಕೈ ನೋಡಿ, ತೊಳೆಯಲು ನೀರು ತಂದಿಟ್ಟಳು.

ಹನ್ನೂರಿನಿಂದ ನಾಲ್ಕು ಮಂದಿ ರೈತರು ನೋಡಲು ಬಂದರು. ಅವರಲ್ಲಿ ಸಿದ್ರಾಮಪ್ಪ ಹಿರಿಯ. ಅವನು ಹೂಂ ಅಂದರೆ ಉಳಿದವರೂ ಹೂಂ. ನಾನೇ ರೊಟ್ಟಿ ಬಡಿಯಲು ಕೂತೆ. ಉರಿ ನೀಲಿಯಾಗಿ ಎದ್ದಿತು, ಹಂಚು ಕಾಯಿತು, ರೊಟ್ಟಿಯ ಒಂದು ಮಗ್ಗುಲು ಬೆಂದಿತು. ತಿರುವಿ ಹಾಕುವಷ್ಟರಲ್ಲಿ ಉರಿ ಆರಿತು.

"ಆರ್ತಲ್ಲೋ ಮಲ್ಲಪ್ಪಾ!"

"ಟಾಕಿ ಹೊಸಾದು, ಕಾಕಾ..."

"ಹೊಸಾದ ಹಿಂಗ ಮಾಡಿದ್ರ ಹಳೇದಾದ ಮ್ಯಾಲ ಹೆಂಗೋ?" ಎನ್ನುತ್ತ ಸಿದ್ರಾಮಪ್ಪ ತಲೆಗೆ ಪಟಕಾ ಸುತ್ತಿಕೊಂಡು ಎದ್ದ. ನನ್ನ ಪಾಟ್ಲಿಯೇ ಚಪ್ಪಲಿ ಮೆಟ್ಟಿಕೊಂಡು ಹೊರಟಂತೆ ಕಂಡಿತು.

"ಕುಂದರ್ರಿ," ಅಂದೆ. "ಟಾಕಿ ಕೆಟ್ಟಿಲ್ಲ. ನಾ ಹೆಂಡಿ ಕದ್ದೀನಿ."

ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು ಆಳೆತ್ತರದ ರಾಶಿ ತೋರಿಸಿದೆ. ನೀರಿನ ವಿಷಯವನ್ನೂ ಒಪ್ಪಿಕೊಂಡೆ. ಸಿದ್ರಾಮಪ್ಪ ಒಂದು ಕುಳ್ಳು ಎತ್ತಿ ತೂಗಿ ನೋಡಿದ.

"ಇಷ್ಟ ಕದ್ದರೂ, ಬರೇ ನೀರ ಕುಡದು, ಅರ್ಧಾ ರೊಟ್ಟಿ ಬೇಯಿಸಿತೇನವ್ವಾ ಈ ಟಾಕಿ?" ಎಂದವನು ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಮಲ್ಲಪ್ಪಾ, ನಮ್ಮ ಮನ್ಯಾಗ ಗುಂಡಿ ತೋಡು. ಆದ್ರ ನಮ್ಮವ್ವನ್ನ ಒಪ್ಪಸೂದು ನಿಮ್ಮವ್ವನ ಕೆಲಸ."

ಹೋದೆ. ಅವನ ತಾಯಿ ನನಗಿಂತ ಹಿರಿಯಳು. ಹೊಗೆಯಿಲ್ಲ, ಕಣ್ಣುರಿ ಇಲ್ಲ ಎಂದು ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು, ನನ್ನನ್ನು ಹತ್ತಿರ ಎಳೆದು ಪಿಸುಗುಟ್ಟಿದಳು: "ಖರೇ ಹೇಳ ತಂಗಿ, ಬಕೀಟಿಗೆ ಎಷ್ಟ ನೀರ ಬೆರಸಿದ್ರ ಗೊತ್ತಾಗಂಗಿಲ್ಲ?"

"ಒಂದ ತಂಬಿಗಿನೂ ಹೆಚ್ಚ ಹಾಕಬ್ಯಾಡ್ರಿ!" ಎಂದು ಗದರಿಬಿಟ್ಟೆ, ಥೇಟ್ ಸರ್ಕಾರಿ ಸಾಹೇಬನ ಹಾಗೆ.

ಮುದುಕಿ ನನ್ನ ಕೈ ಬಿಟ್ಟಳು. ಅಡುಗೆಮನೆಯತ್ತ ತಿರುಗಿ ಸೊಸೆಗೆ ಕೂಗಿ ಹೇಳಿದಳು: "ಈಕಿ ಮುಂದ ಏನೂ ಮಾತಾಡಬ್ಯಾಡ. ಈಕಿ ಗಂಡಸರ ಪೈಕಿ."

ಆಮೇಲೆ ಚಹಾ ಬಂತು. ಜೊತೆಗೆ ಕೂರಲು ಯಾರೂ ಬರಲಿಲ್ಲ.