ಚುಕ್ಕಿಯ ಮೇಲೊಂದು ಠರಾವು

ಮೂರು ದಿನದಿಂದ ಚುಕ್ಕಿ ಕಾಳು ಮುಟ್ಟಿರಲಿಲ್ಲ. ಹೊಲಿಗೆ ಮಿಷನ್ನಿನ ಪಕ್ಕ, ಬಟ್ಟೆ ಚೂರುಗಳ ಬುಟ್ಟಿಯಲ್ಲಿ, ನಿವೃತ್ತ ಅಧಿಕಾರಿಯ ಹಾಗೆ ರೆಕ್ಕೆ ಇಳಿಬಿಟ್ಟು ಕೂತಿತ್ತು. ಸಾಕಿದ ಕೋಳಿಯ ಚಿಂತೆಯಲ್ಲಿ ಟೈಲರ್ ಒಂದೇ ಪ್ಯಾಂಟಿಗೆ ಮೂರು ಕಾಲು ಹೊಲಿದಿಟ್ಟಿದ್ದ.

"ಇದರ ಸಂಕಟ ನೋಡೋಕಾಗ್ತಿಲ್ಲ ಕಣ್ರೀ. ಉಳಿಸ್ತೀರೋ ಕಳಿಸ್ತೀರೋ, ಏನಾದ್ರೂ ಒಂದು ತೀರ್ಮಾನ ಮಾಡಿ," ಎಂದಳು ಹೆಂಡತಿ.

ತೀರ್ಮಾನ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎದುರುಮನೆಯಲ್ಲಿದ್ದ ವಠಾರದ ಸಂಘದ ಕಾರ್ಯದರ್ಶಿ ನಡವಳಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದೇಬಿಟ್ಟರು. ಒಡೆದ ನೀರಿನ ಪೈಪಿಗಾಗಿ ವರ್ಷದಿಂದ ಸೇರದ ಸಂಘ ಕೋಳಿಗಾಗಿ ಹತ್ತು ನಿಮಿಷದಲ್ಲಿ ಮೆಟ್ಟಿಲ ಮೇಲೆ ನೆರೆಯಿತು. ಟೈಲರ್ ಜ್ವರದಲ್ಲಿ ತಿಂಗಳು ಮಲಗಿದ್ದಾಗ ಬಾಗಿಲು ತಟ್ಟದವರೂ ಬಂದು ಕಣ್ಣೊರೆಸಿಕೊಂಡರು.

"ನರಳೋಕೆ ಬಿಡೋದು ಪಾಪ ಕಣಪ್ಪಾ," ಎಂದರು ಕೆಳಮನೆ ಅಜ್ಜಿ.

"ಹಾಗಾದ್ರೆ ನೀವೇ ಮುಗಿಸಿಕೊಡಿ ಅಜ್ಜಿ," ಎಂದ ಟೈಲರ್.

"ನನ್ನ ಕೈಲಾಗುತ್ತಾ? ನಂದು ಮೆತ್ತನೆ ಮನಸ್ಸು."

ದಯಾಮರಣದ ಪರವಾಗಿ ಮೂವತ್ತೆರಡು ಕೈ ಮೇಲೆದ್ದವು. ಕತ್ತಿ ಹಿಡಿಯಲು ಒಂದೂ ಮುಂದೆ ಬರಲಿಲ್ಲ.

ಠರಾವನ್ನೂ ಅದರ ಜಾರಿಯನ್ನೂ ಒಂದೇ ಏಟಿಗೆ ಬರೆದು ಮುಗಿಸುವುದು ಕಾರ್ಯದರ್ಶಿಗಳ ಅಭ್ಯಾಸ. 'ಟೈಲರ್ ಮನೆಯ ಕೋಳಿಗೆ ದಯಾಮರಣ ನೀಡಲಾಯಿತು. ಒಂದು ನಿಮಿಷ ಮೌನ ಆಚರಿಸಲಾಯಿತು' ಎಂದು ಬರೆದರು. ಬರೆದದ್ದು ಸುಳ್ಳಾಗಬಾರದಲ್ಲ, ಎಲ್ಲರೂ ತಲೆತಗ್ಗಿಸಿ ನಿಂತರು. ಬುಟ್ಟಿಯಿಂದ ಚುಕ್ಕಿಯೂ ಒಂದು ಕಣ್ಣು ತೆರೆದು ನೋಡಿತು. ಕೊನೆಗೆ ಟೈಲರನ ಸಹಿಯೂ ಬಿತ್ತು.

ಅವನು ಬುಟ್ಟಿ ಹೊತ್ತು, ಕಾಲೆಳೆಯುತ್ತ ಕೋಳಿ ಅಂಗಡಿಗೆ ಹೋದ. ಅಂಗಡಿಯವನು ಕತ್ತಿ ಕೆಳಗಿಟ್ಟು ಚುಕ್ಕಿಯ ಹೊಟ್ಟೆ ಸವರಿದ.

"ಮೊಟ್ಟೆ ಒಳಗೇ ಸಿಕ್ಕೊಂಡಿದೆ ಕಣಣ್ಣ, ಅಷ್ಟೇ. ನಿಮ್ಮಲ್ಲಿ ಒಬ್ರಾದ್ರೂ ಮುಟ್ಟಿ ನೋಡಿದ್ರಾ?"

"ಇಲ್ಲಪ್ಪ. ಮತ ಹಾಕಿದ್ರು."

ಬೆಚ್ಚನೆ ನೀರಿನಲ್ಲಿ ಕೂರಿಸಿ, ಎಣ್ಣೆ ಸವರಿ, ಇಬ್ಬರೂ ಕಾದರು. ಮೊಟ್ಟೆ ಹೊರಬಂತು. ಚುಕ್ಕಿ ಮೈಕೊಡವಿ ಎದ್ದು ಟೈಲರನ ಕೊರಳಲ್ಲಿದ್ದ ಅಳತೆ ಟೇಪನ್ನು ಕುಕ್ಕಿತು. ಅವನು ಅಲ್ಲೇ ಗೊಳೋ ಎಂದು ಅತ್ತ.

ಕೋಳಿಯೊಂದಿಗೆ ವಠಾರಕ್ಕೆ ಮರಳಿದಾಗ ಯಾರ ಮುಖದಲ್ಲೂ ಕಳೆಯಿಲ್ಲ.

"ಗುಣವಾಯ್ತು ಸಾರ್. ಆ ಸಾಲು ಹೊಡೆದುಹಾಕಿಬಿಡಿ."

"ಆಚರಿಸಿದ ಮೌನಾನ ವಾಪಸ್ ತಗೊಳ್ಳೋದು ಹೇಗ್ರೀ?" ಎಂದರು ಕಾರ್ಯದರ್ಶಿ. "ಪುಸ್ತಕದ ಪ್ರಕಾರ ನಿಮ್ಮ ಕೋಳಿ ಸತ್ತಿದೆ. ನಿಮ್ಮದೇ ಸಹಿ ಇದೆ."

"ಮತ್ತೆ ಇದು ಯಾರದು?"

ಕಾರ್ಯದರ್ಶಿ ಕನ್ನಡಕ ಏರಿಸಿ ನಿಯಮದ ಹಾಳೆ ತಿರುವಿದರು. "ವಾರಸುದಾರರಿಲ್ಲದೆ ವಠಾರದೊಳಗೆ ಸಿಕ್ಕಿದ್ದು ಸಂಘದ ಸ್ವತ್ತು. ಕೊಡಿ ಇಲ್ಲಿ."

ಅಜ್ಜಿ ಚುಕ್ಕಿಯ ಬೆನ್ನು ಸವರಿ, ತೊಡೆ ಒತ್ತಿ ನೋಡಿದರು. "ನಮ್ಮನೇಲಿ ದೊಡ್ಡ ಪಾತ್ರೆ ಇದೆ," ಎಂದರು.

ಟೈಲರನೂ ಸಂಘದ ಸದಸ್ಯನೇ ಆದ್ದರಿಂದ ಅವನಿಗೂ ಒಂದು ತಟ್ಟೆ ಇಡಲು ಸಭೆ ಅವಿರೋಧವಾಗಿ ಒಪ್ಪಿತು.