ಪರದೆಯ ಹಿಂದಿನ ಬ್ಯಾಂಡು

ಕೊರಟಗೆರೆಯ ಹತ್ತಿರ ಗಾಡಿಯ ಅಚ್ಚು ಮುರಿದು ಬ್ಯಾಂಡಿನವರು ದಾರಿಯಲ್ಲೇ ಕೂತಿದ್ದಾರೆಂಬ ಸುದ್ದಿ ಮಧುಗಿರಿಗೆ ಬಂದಾಗ ಸರ್ವಮಂಗಳಾ ಮಜ್ಜಿಗೆ ಕಡೆಯುತ್ತಿದ್ದಳು. ಗಂಡ ನಂದೀಶ್ವರಯ್ಯ ತಾಲ್ಲೂಕು ಕಚೇರಿಯ ಗುಮಾಸ್ತ. ಬ್ಯಾಂಡು ಕರೆಸುವ ಹೊಣೆ ಅವನದೇ. ತಲೆಯ ಮೇಲೆ ಕೈಹೊತ್ತು ಕೂತ.

ಸಂಜೆ ಹೆಣ್ಣುಮಕ್ಕಳ ಶಾಲೆಗೆ ಜಿಲ್ಲೆಯ ದೊಡ್ಡ ಸಾಹೇಬರು ಬರುವವರಿದ್ದರು. ಸರ್ವಮಂಗಳಾ ಹಾಡಿಸಬೇಕಿದ್ದ ಮಹಿಳಾ ಸಮಾಜದ ಹಾಡು ಅವರಿಗೆ ಹಿಡಿಸಿದರೆ ಶಾಲೆಯ ಸಂಗೀತದ ಕೆಲಸ ಅವಳಿಗೆ ಸಿಗುವುದಿತ್ತು. ಇಪ್ಪತ್ತು ವರ್ಷದಿಂದ ಅಡಿಗೆಮನೆ ದಾಟದ ಅವಳ ದನಿ ಆ ಒಂದು ಸಂಜೆಗಾಗಿ ಕಾದಿತ್ತು.

"ಅಳಬೇಡಿ. ಬ್ಯಾಂಡನ್ನ ನಾವೇ ಬಾಯಲ್ಲಿ ನುಡಿಸ್ತೀವಿ" ಎಂದಳು.

"ಕ್ಲಾರಿನೆಟ್ ಎಲ್ಲಿದೆಯೇ?"

"ಇಂದ್ರಮ್ಮನ ಮೂಗಿನಲ್ಲಿ."

ಪ್ರತಿ ಉತ್ಸವದಲ್ಲೂ ಕೇಳುವ ಆ ಸ್ವಾಗತದ ಮಟ್ಟು ಊರಿಗೆಲ್ಲ ಬಾಯಿಪಾಠ. ಸರ್ವಮಂಗಳಾ ಅದನ್ನು ಸಮಾಜದ ಹೆಂಗಸರಿಗೆ ಹೋಳಿಗೆಯ ಕಣಕದಂತೆ ಉಂಡೆ ಉಂಡೆಯಾಗಿ ಹಂಚಿದಳು. ಮೂಗಿನಲ್ಲೇ ಮಾತಾಡುವ ಇಂದ್ರಮ್ಮನಿಗೆ ಕ್ಲಾರಿನೆಟ್, ಕೆರೆಯಾಚೆಯ ಎಮ್ಮೆಯನ್ನು ಮನೆಯಿಂದಲೇ ಕರೆಯುವ ಜಗದಾಂಬಳಿಗೆ ಕಹಳೆ, ಹನುಮಕ್ಕನ ದಪ್ಪ ದನಿಗೆ ಡೋಲು. ಜಗದಾಂಬ ಮೊದಲ ಸಲ "ಪೋಂ" ಎಂದದ್ದೇ ತಡ, ಅವಳ ಎಮ್ಮೆ ಹಗ್ಗ ಕಿತ್ತುಕೊಂಡು ಬಂದು ಬಾಗಿಲಲ್ಲಿ ನಿಂತಿತು.

"ಪದ ಯಾವಾಗ ಏಳಾದು ಕಣಮ್ಮ?" ಎಂದಳು ಹನುಮಕ್ಕ.

"ಪದ ಇಲ್ಲ. ಹಾಡಿನ ಬದಲು ಇದೇ. ನಾವೀಗ ವಾದ್ಯಗಳು."

"ಒಂದು ಪದಾನೂ ಇಲ್ದೆ ಅದೆಂಗೆ ಆಡಾಯ್ತದೆ? ಕಡೇಲಿ ಒಂದಾದ್ರೂ ಮಡಗು."

"ಒಂದು ಪದ ಬಿದ್ರೂ ಕೆಟ್ಟುಹೋಗುತ್ತೆ ಹನುಮಕ್ಕ. ಹಾಡು ಯಾರು ಬೇಕಾದ್ರೂ ಹಾಡ್ತಾರೆ. ಇದನ್ನ ಸಾಹೇಬರು ಜನ್ಮದಲ್ಲಿ ಮರೀಬಾರದು."

ಹೆಂಗಸರು ಗಂಡಸರೆದುರು ಬಾಯಿ ತೆರೆಯುವುದೇ ಎಂದು ಊರ ಹಿರಿಯರು ಗೊಣಗಿದ್ದರಿಂದ ಶಾಲೆಯಲ್ಲಿ ಅಡ್ಡಲಾಗಿ ಜಮಖಾನ ಕಟ್ಟಿದರು.

ಸಂಜೆ ಜಮಖಾನದ ಹಿಂದಿನಿಂದ ಬ್ಯಾಂಡು ಎದ್ದಿತು. ಡೋಲಿಗೆ ಕಿಟಕಿ ಅದುರಿತು. ಸಾಹೇಬರ ಬೆತ್ತ ನೆಲದ ಮೇಲೆ ತಾಳ ಹಾಕಿತು. ಒಬ್ಬರೂ ತಪ್ಪಲಿಲ್ಲ. ಸರ್ವಮಂಗಳೆಗೆ ತನ್ನ ಮೈಯೇ ಹಗುರಾದಂತಾಯಿತು.

"ಭೇಷ್! ಎಂಥಾ ಬ್ಯಾಂಡು!" ಎಂದರು ಸಾಹೇಬರು.

ಅಷ್ಟರಲ್ಲಿ ಬೇರೆ ಗಾಡಿ ಹಿಡಿದು ಬಂದ ಬ್ಯಾಂಡ್ ಮೇಷ್ಟ್ರು ಸಿದ್ದಗಂಗಯ್ಯ, ಮೈಯೆಲ್ಲ ಧೂಳಾಗಿ, ಕ್ಲಾರಿನೆಟ್ ಹಿಡಿದು ಪಕ್ಕದ ಬಾಗಿಲಲ್ಲಿ ಕಾಣಿಸಿಕೊಂಡ. ಸಾಹೇಬರು ಎದ್ದು ಸನ್ಮಾನಕ್ಕೆಂದು ತರಿಸಿಟ್ಟಿದ್ದ ಶಾಲನ್ನು ಅವನಿಗೇ ಹೊದಿಸಿಬಿಟ್ಟರು.

ಸರ್ವಮಂಗಳಾ ಜಮಖಾನವನ್ನು ಸರಕ್ಕನೆ ಸರಿಸಿದಳು.

"ಓ, ನೀವೆಲ್ಲ ಇಲ್ಲೇ ಕೂತು ಕೇಳ್ತಿದ್ರಾ?" ಎಂದರು ಸಾಹೇಬರು. "ಹೇಗಿತ್ತಮ್ಮ ಬ್ಯಾಂಡು?"

ಅವರ ಬೆನ್ನ ಹಿಂದೆ ನಂದೀಶ್ವರಯ್ಯ ಎರಡೂ ಕೈ ಜೋಡಿಸಿ, ನಿಜ ಹೇಳಬೇಡವೆಂದು ಹೆಂಡತಿಯನ್ನು ಬೇಡುತ್ತಿದ್ದ. ಅವಳು ನೋಡಿದರೂ ನೋಡದಂತೆ ನಿಂತಳು.

"ಅದು ನಾವೇ, ಸ್ವಾಮಿ."

ಸಾಹೇಬರು ಹೊಟ್ಟೆ ಕುಲುಕುವಂತೆ ನಕ್ಕರು. "ತಮಾಷೆ ಚೆನ್ನಾಗಿ ಮಾಡ್ತೀರಿ! ಹಾಡೋಕೆ ಮಾತ್ರ ನಾಚಿಕೆಯೋ? ಇರಲಿ, ಆ ಸಂಗೀತದ ಕೆಲಸ ಈ ಮೇಷ್ಟ್ರಿಗೇ ಆಗಲಿ." ಹೊರಟೇಬಿಟ್ಟರು.

"ಒಂದು ಪದ ಮಡಗು ಅಂತ ಬಡ್ಕಂಡೆ" ಎಂದಳು ಹನುಮಕ್ಕ.

ದೀಪ ಹಚ್ಚುವ ಹೊತ್ತಿಗೆ ಸಿದ್ದಗಂಗಯ್ಯ ಶಾಲು ಹೊದ್ದುಕೊಂಡೇ ಸರ್ವಮಂಗಳೆಯ ಜಗಲಿಗೆ ಬಂದು ನಿಂತ.

"ಅಮ್ಮಾವ್ರೇ, ನಂಗೆ ಊದೋದು ಬಿಟ್ರೆ ಒಂದು ಅಕ್ಷರ ಹಾಡೋಕೆ ಬರಲ್ಲ. ಸೋಮವಾರದಿಂದ ಮಕ್ಕಳಿಗೆ ಪಾಠ ಮಾಡ್ಬೇಕಂತೆ. ದಿನಾ ಬೆಳಿಗ್ಗೆ ನಾನು ಒಂದು ಗಳಿಗೆ ಇಲ್ಲಿಗೆ ಬಂದ್ರೆ, ಸ್ವಲ್ಪ ಹೇಳ್ಕೊಡ್ತೀರಾ?"